ಡೇಟಾ ಅಳಿಸದೆ ಫರ್ಮ್‌ವೇರ್ ಮರುಸ್ಥಾಪನೆ: ಒಂದು ಫೋನಿನ ಪ್ರಕರಣ ಅಧ್ಯಯನ

ಹಿನ್ನೆಲೆ

ಈ ಪ್ರಕರಣದ ಫೋನ್ ಒಬ್ಬ ಸಿವಿಲ್ ಎಂಜಿನಿಯರ್ ಅವರದು. ಅವರ ಹೆಸರು, ಅವರು ದುಡಿಯುವ ಸಂಸ್ಥೆ, ಫೋನಿನ ಕಂಪನಿ ಮತ್ತು ಮಾದರಿ ಇವು ಯಾವುವೂ ಇಲ್ಲಿ ಬರುವುದಿಲ್ಲ. ಇದರಿಂದ ತಿಳಿಯಬೇಕಾದುದಕ್ಕೆ ಅವುಗಳ ಅಗತ್ಯವೂ ಇಲ್ಲ. ಕಂಪ್ಯೂಟರ್ ಮತ್ತು ಫೋನುಗಳ ನಿರ್ವಹಣೆ ನನ್ನ ವೃತ್ತಿಯಾದ್ದರಿಂದ ಅವರು ನನ್ನನ್ನು ಕೇಳಿದರು, ಮತ್ತು ನಡೆದುದನ್ನು ಬರೆಯಲು ಒಪ್ಪಿಗೆಯನ್ನೂ ಕೊಟ್ಟರು.

ಎಂಜಿನಿಯರ್ ಅವರ ಕೆಲಸ ಕಟ್ಟಡ ನಿರ್ಮಾಣದ ಜಾಗದಲ್ಲಿ ಮೇಲ್ವಿಚಾರಣೆ. ಕಂಬಕ್ಕೋ ತೊಲೆಗೋ ಕಬ್ಬಿಣ ಕಟ್ಟಿ ಮುಗಿದ ಮೇಲೆ, ಕಾಂಕ್ರೀಟ್ ಸುರಿಯುವ ಮುನ್ನ, ಸರಳುಗಳ ನಡುವೆ ಅಳತೆಪಟ್ಟಿ ಹಿಡಿದು, ರಿಂಗುಗಳ ಅಂತರ ಓದಲು ಬರುವಂತೆ ಅವರು ಫೋಟೋ ತೆಗೆಯುತ್ತಾರೆ. ಕಾಂಕ್ರೀಟ್ ಬಿದ್ದ ಮೇಲೆ ಒಳಗಿನ ಕಬ್ಬಿಣವನ್ನು ಯಾರೂ ಕಣ್ಣಾರೆ ನೋಡಲಾಗದು. ಮುಂದೆಂದಾದರೂ ಪ್ರಶ್ನೆ ಎದ್ದರೆ ಆ ಫೋಟೋಗಳೇ ಸಾಕ್ಷಿ. ಮತ್ತೆ ತೆಗೆಯೋಣ ಎನ್ನಲು ಸಾಧ್ಯವಿಲ್ಲದ ಚಿತ್ರಗಳು ಅವು ಎಂಬ ಈ ಒಂದು ಸಂಗತಿಯೇ ಮುಂದೆ ನಾವು ಕೈಗೊಂಡ ಎಲ್ಲ ನಿರ್ಧಾರಗಳ ಹಿಂದೆ ಇತ್ತು.

ಫೋಟೋಗಳು ತಾವಾಗಿಯೇ ಕ್ಲೌಡ್‌ಗೆ ಹೋಗುತ್ತವೆ ಎಂದು ಅವರು ನಂಬಿದ್ದರು, ಬಹಳ ಕಾಲ ಹೋಗುತ್ತಲೂ ಇದ್ದವು. ಆದರೆ ಸಹೋದ್ಯೋಗಿಯೊಬ್ಬರ ಜೊತೆ ಹಂಚಿಕೊಂಡಿದ್ದ ಆಲ್ಬಮ್ ತೆರೆಸಿ ನೋಡಿದಾಗ ಅದರಲ್ಲಿದ್ದ ಕೊನೆಯ ಚಿತ್ರಕ್ಕೆ ಆರು ವಾರ ವಯಸ್ಸಾಗಿತ್ತು. ಖಾತೆಯ ಜಾಗ ತುಂಬಿದೆ ಎಂಬ ಸೂಚನೆ ಬಂದಿದ್ದು, ಕೆಲಸದ ಗಡಿಬಿಡಿಯಲ್ಲಿ ಅದನ್ನು ಪಕ್ಕಕ್ಕೆ ಸರಿಸಿದ್ದು ಅವರಿಗೆ ಆಗ ನೆನಪಾಯಿತು. ಆರು ವಾರಗಳ ಕಬ್ಬಿಣದ ಫೋಟೋಗಳು ಆ ಒಂದೇ ಫೋನಿನಲ್ಲಿದ್ದವು.

ತೊಂದರೆ

ಫೋನ್ ರಾತ್ರಿ ಒಂದು ಅಪ್‌ಡೇಟ್ ಹಾಕಿಕೊಂಡಿತ್ತು. ಮರುದಿನ ಬೆಳಗ್ಗೆ ಸರಿಯಾಗಿಯೇ ತೆರೆದು, ಒಂದು ದಿನ ಪೂರ್ತಿ ಕೆಲಸ ಮಾಡಿತು. ಎರಡನೆಯ ದಿನ ಮಧ್ಯಾಹ್ನ ತಾನಾಗಿ ರೀಸ್ಟಾರ್ಟ್ ಆಯಿತು; ಕಂಪನಿಯ ಲೋಗೋ ಬಂದು, ಕೆಲವು ಕ್ಷಣ ನಿಂತು, ಮತ್ತೆ ಕಪ್ಪಾಗಿ, ಮತ್ತೆ ಲೋಗೋ ಬಂತು. ಹೀಗೆ ಹಲವು ಸುತ್ತು ಆದ ಮೇಲೆ ಪರದೆಯ ಮೇಲೆ ಒಂದು ಸಂದೇಶ ನಿಂತಿತು: ಆಂಡ್ರಾಯ್ಡ್ ವ್ಯವಸ್ಥೆಯನ್ನು ತೆರೆಯಲಾಗುತ್ತಿಲ್ಲ, ನಿಮ್ಮ ಡೇಟಾ ಕೆಟ್ಟಿರಬಹುದು, ಇದೇ ಸಂದೇಶ ಮತ್ತೆ ಮತ್ತೆ ಬಂದರೆ ಎಲ್ಲ ಡೇಟಾ ಅಳಿಸಿ ಫ್ಯಾಕ್ಟರಿ ರೀಸೆಟ್ ಮಾಡಬೇಕಾಗಬಹುದು. ಅದರ ಕೆಳಗೆ ಎರಡೇ ಆಯ್ಕೆ. ಒಂದು, ಇನ್ನೊಮ್ಮೆ ಪ್ರಯತ್ನಿಸಿ. ಇನ್ನೊಂದು, ಫ್ಯಾಕ್ಟರಿ ಡೇಟಾ ರೀಸೆಟ್.

ಈ ಪರದೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಫೋನಿನ ಡೇಟಾ ಕಳೆದುಕೊಂಡವರಲ್ಲಿ ಬಹಳ ಜನ ಇಲ್ಲೇ ಕಳೆದುಕೊಳ್ಳುತ್ತಾರೆ. 2017ರ ಆಂಡ್ರಾಯ್ಡ್ 8.0ರಿಂದ ಈಚೆಗೆ ವ್ಯವಸ್ಥೆಯಲ್ಲಿ ರೆಸ್ಕ್ಯೂ ಪಾರ್ಟಿ ಎಂಬ ಒಂದು ಏರ್ಪಾಡಿದೆ. ವ್ಯವಸ್ಥೆಯ ಮೂಲ ಪ್ರಕ್ರಿಯೆ 5 ನಿಮಿಷದೊಳಗೆ 5ಕ್ಕಿಂತ ಹೆಚ್ಚು ಸಲ ಬಿದ್ದು ಎದ್ದರೆ ಅದು ಎಚ್ಚೆತ್ತು, ಮೊದಲು ಕೆಲವು ಸೆಟ್ಟಿಂಗ್‌ಗಳನ್ನು ಮೂಲಸ್ಥಿತಿಗೆ ತಂದು ನೋಡುತ್ತದೆ; ಯಾವುದೂ ಫಲಿಸದಿದ್ದರೆ ಫೋನನ್ನು ರಿಕವರಿ ಮೋಡ್‌ಗೆ, ಅಂದರೆ ಮುಖ್ಯ ವ್ಯವಸ್ಥೆ ಏಳದಿದ್ದಾಗ ದುರಸ್ತಿಗೆಂದು ಇರುವ ಪ್ರತ್ಯೇಕ ಸಣ್ಣ ವ್ಯವಸ್ಥೆಗೆ, ಒಯ್ದು ಈ ಪ್ರಶ್ನೆ ಕೇಳುತ್ತದೆ. ಅಂದರೆ ಡೇಟಾವನ್ನು ಪರೀಕ್ಷಿಸಿ, ಅದು ಕೆಟ್ಟಿದೆ ಎಂದು ಕಂಡುಕೊಂಡು ಬರೆದ ತೀರ್ಪು ಅದಲ್ಲ. ವ್ಯವಸ್ಥೆ ಏಳುತ್ತಿಲ್ಲ ಎಂಬುದಷ್ಟೇ ಅದಕ್ಕೆ ಗೊತ್ತು. ಕೆಟ್ಟಿರಬಹುದು ಎಂಬ ಪದವನ್ನು ಗಾಬರಿಯಲ್ಲಿರುವವರು ಕೆಟ್ಟಿದೆ ಎಂದು ಓದಿಕೊಳ್ಳುತ್ತಾರೆ, ಹೇಗೂ ಕೆಟ್ಟಿದೆಯಲ್ಲ ಎಂದು ಎರಡನೆಯ ಆಯ್ಕೆಯನ್ನು ಒತ್ತುತ್ತಾರೆ.

ಎಂಜಿನಿಯರ್ ಒತ್ತಲಿಲ್ಲ. ನನಗೆ ಕರೆ ಮಾಡಿ, ಪರದೆಯ ಮೇಲಿದ್ದುದನ್ನು ಅಕ್ಷರ ಬಿಡದೆ ಓದಿ ಹೇಳಿದರು. ಈ ಪ್ರಕರಣದಲ್ಲಿ ಆಮೇಲೆ ನಾವು ಮಾಡಿದ್ದೆಲ್ಲ ಆ ಒಂದು ಸಂಯಮದಿಂದಾಗಿಯೇ ಸಾಧ್ಯವಾಯಿತು.

ಇರುವ ದಾರಿಗಳನ್ನು ತೂಗಿದ್ದು

ಇನ್ನೊಮ್ಮೆ ಪ್ರಯತ್ನಿಸಿ ಎಂಬುದನ್ನು ಎರಡು ಸಲ ಒತ್ತಿಸಿದೆ. ಎರಡು ಸಲವೂ ಫೋನ್ ಅದೇ ಪರದೆಗೆ ಮರಳಿತು. ಅಲ್ಲಿಗೆ ಅದನ್ನು ನಿಲ್ಲಿಸಿ, ಫೋನನ್ನು ಪೂರ್ತಿ ಚಾರ್ಜ್ ಮಾಡಿ ತರಲು ಹೇಳಿದೆ.

ಎಂಜಿನಿಯರ್ ಮೊದಲು ಕೇಳಿದ್ದು, ಫೋನ್ ಹೋದರೆ ಹೋಗಲಿ, ಕಂಪ್ಯೂಟರಿಗೆ ಜೋಡಿಸಿ ಫೋಟೋಗಳನ್ನಷ್ಟೇ ಹೊರತೆಗೆಯಬಹುದೇ ಎಂದು. ಸಹಜವಾದ ಪ್ರಶ್ನೆ, ಆದರೆ ಅದಕ್ಕೆ ಉತ್ತರ ಇಲ್ಲ ಎಂಬುದೇ. ಈಗಿನ ಆಂಡ್ರಾಯ್ಡ್ ಫೋನುಗಳಲ್ಲಿ ಬಳಕೆದಾರರ ಪ್ರತಿಯೊಂದು ಕಡತವೂ ಗೂಢಲಿಪಿಯಲ್ಲಿರುತ್ತದೆ. 2019ರ ಆಂಡ್ರಾಯ್ಡ್ 10ರೊಂದಿಗೆ ಬಂದ ಹೊಸ ಫೋನುಗಳಿಂದ ಮುಂದೆ ಇದು ಕಡ್ಡಾಯವಾಗಿದೆ. ಆ ಗೂಢಲಿಪಿಯ ಕೀಲಿ ಫೋನಿನ ಯಂತ್ರಾಂಶಕ್ಕೂ ಪರದೆಯ ಪಿನ್‌ಗೂ ಬೆಸೆದುಕೊಂಡಿದೆ. ಮೆಮೊರಿ ಚಿಪ್ಪನ್ನೇ ಬಿಚ್ಚಿ ಬೇರೆಡೆ ಓದಿದರೂ ಸಿಗುವುದು ಅರ್ಥವಿಲ್ಲದ ಬೈಟುಗಳ ರಾಶಿ ಮಾತ್ರ. ಕಂಪನಿಯ ಮೂಲ ರಿಕವರಿ ಮೋಡ್‌ನಲ್ಲಿಯೂ ಕಡತಗಳನ್ನು ಹೊರಗೆಳೆಯುವ ಬಾಗಿಲು ಇಲ್ಲ. ಅದು ಕಂಪ್ಯೂಟರಿನಿಂದ ಒಂದು ಅಪ್‌ಡೇಟ್ ಕಡತವನ್ನು ಒಳಗೆ ತೆಗೆದುಕೊಳ್ಳುತ್ತದೆ, ಅಷ್ಟೆ. ಆದ್ದರಿಂದ ಫೋಟೋಗಳನ್ನು ಉಳಿಸಬೇಕಾದರೆ ಅದೇ ಫೋನ್ ಎದ್ದು ಕೂರಬೇಕು, ಅದರ ಒಡತಿ ತಮ್ಮ ಪಿನ್ ಹಾಕಬೇಕು. ಬೇರೆ ದಾರಿ ಇರಲಿಲ್ಲ.

ಎರಡನೆಯ ದಾರಿಯನ್ನು ತೋರಿಸಿದವರು ಎಂಜಿನಿಯರ್ ಅವರ ಪರಿಚಿತರೊಬ್ಬರು. ಪೂರ್ಣ ಫರ್ಮ್‌ವೇರ್ (ಫೋನನ್ನು ನಡೆಸುವ ಮೂಲ ತಂತ್ರಾಂಶ) ಇಳಿಸಿಕೊಂಡು, ಫಾಸ್ಟ್‌ಬೂಟ್ (ಕಂಪ್ಯೂಟರಿನಿಂದ ಫೋನಿನ ಮೆಮೊರಿಗೆ ನೇರವಾಗಿ ಬರೆಯುವ ವಿಧಾನ) ಮೂಲಕ ಎಲ್ಲವನ್ನೂ ಒಂದೇ ಏಟಿಗೆ ಹಾಕಿಬಿಡಿ, ಹತ್ತು ನಿಮಿಷದ ಕೆಲಸ ಎಂದು ಅವರು ಹೇಳಿದ್ದರು. ಅವರ ಮಾತು ಪೂರ್ತಿ ತಪ್ಪಲ್ಲ, ಫೋನ್ ಎದ್ದೇಳುತ್ತಿತ್ತು. ಆದರೆ ಫಾಸ್ಟ್‌ಬೂಟ್ ಮೂಲಕ ಫರ್ಮ್‌ವೇರ್ ಬರೆಯಲು ಬೂಟ್‌ಲೋಡರ್, ಅಂದರೆ ಫೋನ್ ಆನ್ ಆದಾಗ ಮೊದಲು ಎದ್ದು ವ್ಯವಸ್ಥೆಯನ್ನು ತೆರೆಯುವ ತಂತ್ರಾಂಶ, ಅನ್‌ಲಾಕ್ ಆಗಿರಬೇಕು, ಮತ್ತು ಅನ್‌ಲಾಕ್ ಮಾಡಿದ ಕ್ಷಣವೇ ಫೋನ್ ತನ್ನ ಡೇಟಾವನ್ನೆಲ್ಲ ಅಳಿಸುತ್ತದೆ. ಕದ್ದ ಫೋನಿಗೆ ಬೇರೆ ವ್ಯವಸ್ಥೆ ಹಾಕಿ ಒಳಗಿನದನ್ನು ಓದಬಾರದೆಂದು ಮಾಡಿಟ್ಟ ರಕ್ಷಣೆ ಅದು. ಜೊತೆಗೆ ಅಂಥ ಪೂರ್ಣ ಪ್ಯಾಕೇಜಿನೊಂದಿಗೆ ಬರುವ ಫ್ಲ್ಯಾಶ್-ಆಲ್ ಸ್ಕ್ರಿಪ್ಟಿನ (ಎಲ್ಲವನ್ನೂ ಒಟ್ಟಿಗೆ ಬರೆಯಿಸುವ ಆಜ್ಞೆಗಳ ಪಟ್ಟಿ) ಕೊನೆಯ ಸಾಲಿನಲ್ಲಿ ಸಾಮಾನ್ಯವಾಗಿ ಒಂದು ಅಡ್ಡಗೆರೆ ಮತ್ತು ಡಬ್ಲ್ಯೂ ಅಕ್ಷರ ಇರುತ್ತದೆ. ಬಳಕೆದಾರರ ಡೇಟಾವನ್ನು ಅಳಿಸು ಎಂಬ ಆಜ್ಞೆ ಆ ಒಂದೇ ಅಕ್ಷರ. ಅದನ್ನು ತೆಗೆದು ನಡೆಸಿದರೆ ಡೇಟಾ ಉಳಿಯುತ್ತದೆ ಎಂಬ ಸಲಹೆ ಬೂಟ್‌ಲೋಡರ್ ಮೊದಲೇ ಅನ್‌ಲಾಕ್ ಆಗಿದ್ದವರಿಗೆ ಮಾತ್ರ ಸರಿ. ನಮ್ಮ ಮುಂದಿದ್ದ ಫೋನಿನ ಬೂಟ್‌ಲೋಡರ್ ಪರದೆಯಲ್ಲಿ ಸಾಧನದ ಸ್ಥಿತಿ ಲಾಕ್ಡ್ ಎಂದು ಸ್ಪಷ್ಟವಾಗಿ ಬರೆದಿತ್ತು. ಅದನ್ನು ನೋಡಿಯೇ ಆ ದಾರಿಯನ್ನು ಕೈಬಿಟ್ಟೆವು.

ಹಳೆಯ ಆವೃತ್ತಿಗೆ ಹಿಂದಿರುಗುವ ಮೂರನೆಯ ಯೋಚನೆಯೂ ಬಂತು. 2016ರ ಆಂಡ್ರಾಯ್ಡ್ 7.0ರಿಂದ ಬಂದ ಪದ್ಧತಿಯಂತೆ ಈ ಫೋನಿನಲ್ಲಿ ವ್ಯವಸ್ಥೆಗೆ ಎ ಮತ್ತು ಬಿ ಎಂದು ಎರಡು ಸ್ಲಾಟ್‌ಗಳಿದ್ದವು. ಒಂದರಿಂದ ಫೋನ್ ನಡೆಯುತ್ತಿರುವಾಗ ಅಪ್‌ಡೇಟ್ ಇನ್ನೊಂದಕ್ಕೆ ಇಳಿಯುತ್ತದೆ. ಹೊಸದು ಎದ್ದೇಳದಿದ್ದರೆ ಬೂಟ್‌ಲೋಡರ್ ಹಳೆಯದಕ್ಕೆ ತಾನಾಗಿ ಮರಳುತ್ತದೆ. ಆದರೆ ಈ ಫೋನ್ ಅಪ್‌ಡೇಟ್ ಆದ ಮೇಲೆ ಒಂದು ದಿನ ಸರಿಯಾಗಿ ನಡೆದಿತ್ತಲ್ಲ, ಆಗಲೇ ಹೊಸ ಸ್ಲಾಟಿಗೆ ಯಶಸ್ವಿ ಎಂಬ ಗುರುತು ಬಿದ್ದಾಗಿತ್ತು. ತಾನಾಗಿ ಮರಳುವ ಅವಕಾಶ ಅಲ್ಲಿಗೆ ಮುಗಿದಿತ್ತು, ಲಾಕ್ ಆದ ಬೂಟ್‌ಲೋಡರಿನಲ್ಲಿ ಆಜ್ಞೆ ಕೊಟ್ಟು ಸ್ಲಾಟ್ ಬದಲಿಸಲೂ ಬಿಡುತ್ತಿರಲಿಲ್ಲ.

ಉಳಿದದ್ದು ಸೈಡ್‌ಲೋಡ್. ಕಂಪನಿಯೇ ಪ್ರಕಟಿಸಿ ಡಿಜಿಟಲ್ ಸಹಿ ಮಾಡಿರುವ ಪೂರ್ಣ ಓಟಿಎ (ಫೋನಿಗೆ ತಾನಾಗಿ ಬರುವಂಥ ಅಪ್‌ಡೇಟ್) ಪ್ಯಾಕೇಜನ್ನು ರಿಕವರಿ ಮೋಡ್‌ನ ಮೂಲಕ ಕಂಪ್ಯೂಟರಿನಿಂದ ಫೋನಿಗೆ ಕಳಿಸುವ ಕ್ರಮ ಇದು. ಇದಕ್ಕೆ ಬೂಟ್‌ಲೋಡರ್ ತೆರೆಯಬೇಕಾಗಿಲ್ಲ. ಬಳಕೆದಾರರ ಡೇಟಾ ಇರುವ ವಿಭಾಗವನ್ನು ಇದು ಅಳಿಸುವುದಿಲ್ಲ. ಯುಎಸ್‌ಬಿ ಡೀಬಗ್ಗಿಂಗ್ (ಕಂಪ್ಯೂಟರಿನಿಂದ ಫೋನಿಗೆ ಆಜ್ಞೆ ಕೊಡಲು ಬಿಡುವ ಸೆಟ್ಟಿಂಗ್) ಮೊದಲೇ ಆನ್ ಆಗಿರಬೇಕು ಎಂಬ ತಪ್ಪು ತಿಳಿವಳಿಕೆ ತುಂಬಾ ಹರಡಿದೆ, ಎಂಜಿನಿಯರ್ ಅವರಿಗೂ ಯಾರೋ ಹಾಗೆಂದು ಹೇಳಿ ಆಸೆ ಬಿಡಿಸಿದ್ದರು. ರಿಕವರಿಯ ಸೈಡ್‌ಲೋಡಿಗೆ ಅದು ಬೇಕಿಲ್ಲ. ನನಗೆ ಧೈರ್ಯ ಕೊಟ್ಟ ಇನ್ನೊಂದು ಕಾರಣವೆಂದರೆ ಸೈಡ್‌ಲೋಡ್ ಕೂಡ ಬಳಕೆಯಲ್ಲಿಲ್ಲದ ಸ್ಲಾಟಿಗೇ ಬರೆಯುತ್ತದೆ ಎಂಬುದು. ನಡುವೆ ಏನಾದರೂ ಕೈಕೊಟ್ಟರೂ ಫೋನ್ ಈಗಿರುವ ಸ್ಥಿತಿಗಿಂತ ಬಹಳ ಕೆಳಗೆ ಹೋಗುವ ಸಂಭವ ಕಡಿಮೆ ಎಂದು ಅವರಿಗೆ ವಿವರಿಸಿದೆ. ಸೈಡ್‌ಲೋಡ್ ಮಾಡಿಯೂ ಫೋನ್ ಏಳದಿದ್ದರೆ ನನ್ನ ಬಳಿ ಬೇರೆ ಉಪಾಯವಿಲ್ಲ ಎಂಬುದನ್ನೂ ಮುಚ್ಚಿಡದೆ ಹೇಳಿದೆ. ಮಾಡಿ ಎಂದರು.

ಯಾವ ಆವೃತ್ತಿ

ರಿಕವರಿಯ ಮೆನು ನೋಡಲು ಒಂದು ಸಣ್ಣ ತಂತ್ರ ಬೇಕಾಗುತ್ತದೆ. ಮಲಗಿದ ರೋಬಾಟಿನ ಚಿತ್ರದೊಂದಿಗೆ ಆಜ್ಞೆ ಇಲ್ಲ ಎಂಬ ಬರಹ ಬಂದು ನಿಂತಾಗ ಪವರ್ ಗುಂಡಿಯನ್ನು ಒತ್ತಿ ಹಿಡಿದು, ವಾಲ್ಯೂಮ್ ಹೆಚ್ಚಿಸುವ ಗುಂಡಿಯನ್ನು ಒಮ್ಮೆ ಒತ್ತಿ ಬಿಡಬೇಕು. ಮೆನುವಿನ ಮೇಲ್ಭಾಗದಲ್ಲಿ ಸಣ್ಣ ಅಕ್ಷರಗಳಲ್ಲಿ ಫೋನಿನ ಸಂಕೇತನಾಮ, ಆವೃತ್ತಿ ಮತ್ತು ಬಿಲ್ಡ್ ಸಂಖ್ಯೆ (ಫರ್ಮ್‌ವೇರಿನ ನಿರ್ದಿಷ್ಟ ಬಿಡುಗಡೆಯ ಗುರುತು) ಇರುತ್ತವೆ. ಇದನ್ನು ಫೋಟೋ ತೆಗೆದಿಟ್ಟುಕೊಂಡೆ. ಈ ಫೋನಿನ ಬಿಲ್ಡ್ ಸಂಖ್ಯೆಯ ನಡುವಿನ ಆರು ಅಂಕಿಗಳು ವರ್ಷ, ತಿಂಗಳು, ದಿನವನ್ನು ಸೂಚಿಸುತ್ತಿದ್ದುದರಿಂದ, ಫೋನಿನಲ್ಲಿ ಯಾವ ದಿನಾಂಕದ ಫರ್ಮ್‌ವೇರ್ ಇದೆ ಎಂಬುದು ಊಹೆಯಿಲ್ಲದೆ ತಿಳಿಯಿತು.

ಕಂಪನಿಯ ಪುಟದಲ್ಲಿ ಅದೇ ಬಿಲ್ಡ್ ಕೂಡ ಇತ್ತು, ಅದಕ್ಕಿಂತ ಈಚಿನದೊಂದೂ ಇತ್ತು. ಹಳೆಯವೂ ಇದ್ದವು, ಆದರೆ ಅವುಗಳಿಂದ ಪ್ರಯೋಜನವಿಲ್ಲ. ಫೋನಿನಲ್ಲಿರುವುದಕ್ಕಿಂತ ಹಳೆಯ ದಿನಾಂಕದ ಓಟಿಎಯನ್ನು ರಿಕವರಿ ನಿರಾಕರಿಸುತ್ತದೆ. ಅದೇ ಬಿಲ್ಡನ್ನು ಮತ್ತೆ ಹಾಕುವುದು ಸುರಕ್ಷಿತವೆಂದು ಮೇಲ್ನೋಟಕ್ಕೆ ತೋರುತ್ತದೆ. ನಾನು ಯೋಚಿಸಿದ್ದು ಹೀಗೆ: ಕೆಟ್ಟಿರುವುದು ಬರಹದಲ್ಲಿ, ಅಂದರೆ ಮೆಮೊರಿಯಲ್ಲಿ ಬಿದ್ದ ಬೈಟುಗಳಲ್ಲಿ ಇದ್ದರೆ, ಅದೇ ಬಿಲ್ಡ್ ಹಾಕಿದರೂ ಹೊಸದನ್ನು ಹಾಕಿದರೂ ಸರಿಹೋಗುತ್ತದೆ. ದೋಷ ಆ ಬಿಲ್ಡಿನೊಳಗೇ ಇದ್ದರೆ ಅದನ್ನೇ ಮತ್ತೆ ಹಾಕುವುದರಿಂದ ದೋಷವನ್ನೇ ಮತ್ತೆ ಹಾಕಿದಂತೆ. ಎರಡು ಸಂದರ್ಭಗಳಲ್ಲೂ ನೆರವಾಗಬಲ್ಲದ್ದು ಈಚಿನದು ಮಾತ್ರ. ಅದರಲ್ಲೂ ಮುಂದಿನ ದೊಡ್ಡ ಆವೃತ್ತಿಗೆ ಜಿಗಿಯದೆ, ಅದೇ ಆಂಡ್ರಾಯ್ಡ್ ಆವೃತ್ತಿಯೊಳಗಿನ ನಂತರದ ತಿದ್ದುಪಡಿಯನ್ನು ಆರಿಸಿದೆವು. ಡೇಟಾದ ಮೇಲೆ ಹೊಸ ವ್ಯವಸ್ಥೆ ನಡೆಸುವ ಪರಿವರ್ತನೆಗಳು ಸಾಧ್ಯವಾದಷ್ಟು ಕಡಿಮೆ ಇರಲಿ ಎಂಬುದು ಇದರ ಉದ್ದೇಶ.

ಕೇಬಲ್ಲು, ಡ್ರೈವರು ಮತ್ತು ತುಂಡಾದ ಕಡತ

ರಿಕವರಿಯಲ್ಲಿ ಎಡಿಬಿಯಿಂದ ಅಪ್‌ಡೇಟ್ ಹಾಕು ಎಂಬ ಆಯ್ಕೆಯನ್ನು ಒತ್ತಿ, ಕಂಪ್ಯೂಟರಿನಲ್ಲಿ ಎಡಿಬಿ ಡಿವೈಸಸ್ ಎಂಬ ಆಜ್ಞೆ ಕೊಟ್ಟೆ. ಎಡಿಬಿ ಎಂದರೆ ಕಂಪ್ಯೂಟರಿನಿಂದ ಆಂಡ್ರಾಯ್ಡ್ ಫೋನಿನೊಂದಿಗೆ ಮಾತಾಡುವ ಸಾಧನ-ತಂತ್ರಾಂಶ; ಜೋಡಿಸಿರುವ ಫೋನುಗಳ ಪಟ್ಟಿಯನ್ನು ಈ ಆಜ್ಞೆ ತೋರಿಸುತ್ತದೆ. ಪಟ್ಟಿ ಖಾಲಿ. ಮತ್ತೆ ಕೊಟ್ಟೆ, ಖಾಲಿ. ಫೋನ್ ಚಾರ್ಜ್ ಆಗುತ್ತಿತ್ತು, ಹಾಗಾಗಿ ಕೇಬಲ್ ಸರಿಯಿದೆ ಎಂದುಕೊಂಡು ಹೆಚ್ಚು ಕಡಿಮೆ ಒಂದೂವರೆ ಗಂಟೆ ಡ್ರೈವರಿನ (ಜೋಡಿಸಿದ ಫೋನನ್ನು ಗುರುತಿಸಲು ಕಂಪ್ಯೂಟರಿಗೆ ಬೇಕಾದ ತಂತ್ರಾಂಶ) ಹಿಂದೆ ಬಿದ್ದೆ. ಫೋನಿನ ಪೋರ್ಟೇ ಸುಟ್ಟಿರಬಹುದು ಎಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಎಂಜಿನಿಯರ್ ತಮ್ಮ ಚೀಲದಿಂದ ಫೋನಿನ ಜೊತೆ ಬಂದಿದ್ದ ಮೂಲ ಕೇಬಲ್ ತೆಗೆದುಕೊಟ್ಟರು. ಅದನ್ನು ಜೋಡಿಸಿದ ಕೂಡಲೇ ಕಂಪ್ಯೂಟರಿನಿಂದ ಸಾಧನ ಸೇರಿದ ಸದ್ದು ಬಂತು. ನಾನು ಬಳಸುತ್ತಿದ್ದ ಕೇಬಲ್ಲಿನಲ್ಲಿ ವಿದ್ಯುತ್ ಹರಿಯುವ ತಂತಿಗಳಿದ್ದವೇ ಹೊರತು ಡೇಟಾ ಹರಿಯುವ ತಂತಿಗಳಿರಲಿಲ್ಲ. ಚಾರ್ಜ್ ಆಗುತ್ತಿದೆ ಎಂಬುದು ಕೇಬಲ್ ಸರಿಯಿದೆ ಎಂಬುದಕ್ಕೆ ಪುರಾವೆಯಲ್ಲ. ವರ್ಷಗಳಿಂದ ಈ ಕೆಲಸ ಮಾಡಿಯೂ ಆ ಸಂಜೆ ನಾನದನ್ನು ಮರೆತಿದ್ದೆ.

ಆದರೂ ಪಟ್ಟಿ ಖಾಲಿಯೇ ಇತ್ತು. ಈಗ ಕಾರಣ ನಿಜವಾಗಿಯೂ ಡ್ರೈವರ್. ಫೋನ್ ಎಂದಿನಂತೆ ನಡೆಯುವಾಗ ಒಂದು ಗುರುತಿನಿಂದಲೂ ರಿಕವರಿಯಲ್ಲಿರುವಾಗ ಇನ್ನೊಂದು ಗುರುತಿನಿಂದಲೂ ಕಂಪ್ಯೂಟರಿಗೆ ಕಾಣಿಸಿಕೊಳ್ಳಬಲ್ಲದು. ಮೊದಲನೆಯದಕ್ಕೆ ಹಾಕಿದ ಡ್ರೈವರನ್ನು ವಿಂಡೋಸ್ ಎರಡನೆಯದಕ್ಕೆ ತಾನಾಗಿ ಅನ್ವಯಿಸದೆ ಇರಬಹುದು. ಡಿವೈಸ್ ಮ್ಯಾನೇಜರಿನಲ್ಲಿ ಹಳದಿ ಗುರುತಿನೊಂದಿಗೆ ಕೂತಿದ್ದ ಸಾಧನವನ್ನು ಹಿಡಿದು, ಎಡಿಬಿ ಡ್ರೈವರನ್ನು ಕೈಯಾರೆ ಆರಿಸಿಕೊಟ್ಟೆ. ಆಮೇಲೆ ಅದೇ ಆಜ್ಞೆಗೆ ಒಂದು ಸರಣಿ ಸಂಖ್ಯೆ, ಅದರ ಪಕ್ಕದಲ್ಲಿ ಸೈಡ್‌ಲೋಡ್ ಎಂಬ ಪದ ಬಂತು.

ಎರಡು ಗಿಗಾಬೈಟಿಗೂ ಮೀರಿದ ಪ್ಯಾಕೇಜನ್ನು ಅಷ್ಟರಲ್ಲಿ ಇಳಿಸಿಕೊಂಡಿದ್ದೆ. ಕಳಿಸಲು ಆರಂಭಿಸಿದೆ. ಸ್ವಲ್ಪ ಹೊತ್ತಿನಲ್ಲಿ ಫೋನಿನ ಪರದೆಯ ಮೇಲೆ ಕೆಂಪು ಮತ್ತು ಹಳದಿ ಅಕ್ಷರಗಳ ನಡುವೆ ಫುಟರ್ ತಪ್ಪಾಗಿದೆ, ಸಹಿಯ ಪರಿಶೀಲನೆ ವಿಫಲ, ದೋಷ 21, ಸ್ಥಾಪನೆ ನಿಲ್ಲಿಸಲಾಗಿದೆ ಎಂಬ ಸಾಲುಗಳು ಒಂದರ ಕೆಳಗೊಂದು ಬಂದವು. ಎಂಜಿನಿಯರ್ ಅವರ ಮುಖ ಕಂದಿತು. ಫೋನ್ ಸಹಿಯನ್ನು ಒಪ್ಪುತ್ತಿಲ್ಲ ಎಂದರೆ ಇನ್ನೇನೂ ಮಾಡಲಾಗದು ಎಂದು ಅವರು ಅರ್ಥಮಾಡಿಕೊಂಡಿದ್ದರು.

ವಾಸ್ತವದಲ್ಲಿ ಅದು ಒಳ್ಳೆಯ ಲಕ್ಷಣ. ರಿಕವರಿ ಜೀವಂತವಾಗಿದೆ, ಕಡತವನ್ನು ಓದುತ್ತಿದೆ, ಸಂಶಯ ಬಂದದ್ದನ್ನು ಒಳಗೆ ಬಿಡುತ್ತಿಲ್ಲ. ಸಹಿ ಇರುವುದು ಪ್ಯಾಕೇಜಿನ ತುದಿಯಲ್ಲಿ. ಫುಟರ್ ತಪ್ಪಾಗಿದೆ ಎಂದರೆ ಆ ತುದಿಯೇ ಇಲ್ಲ, ಅಂದರೆ ಕಡತ ಪೂರ್ತಿ ಇಳಿದಿಲ್ಲ ಎಂಬ ಅನುಮಾನ ಮೊದಲು ಬರಬೇಕು. ವಿಂಡೋಸಿನ ಸರ್ಟ್‌ಯುಟಿಲ್ ಆಜ್ಞೆಯಿಂದ ಕಡತದ ಎಸ್‌ಎಚ್‌ಎ-256 ಮೊತ್ತ, ಅಂದರೆ ಒಳಗಿನದು ಸ್ವಲ್ಪ ಬದಲಾದರೂ ಬೇರೆಯಾಗುವ ಬೆರಳಚ್ಚಿನಂಥ ಅಕ್ಷರಗಳ ಸಾಲು, ತೆಗೆದು, ಕಂಪನಿಯ ಪುಟದಲ್ಲಿ ಕೊಟ್ಟಿದ್ದರ ಪಕ್ಕ ಇಟ್ಟು ನೋಡಿದೆ. ಮೊದಲ ನಾಲ್ಕು ಅಕ್ಷರಗಳಲ್ಲೇ ಬೇರೆಯಾಗಿತ್ತು. ಡೌನ್‌ಲೋಡ್ ನಡುವೆ ಒಮ್ಮೆ ಕಡಿದು ಮುಂದುವರಿದದ್ದನ್ನು ನಾನು ಗಮನಿಸಿದ್ದೆ, ಆದರೆ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಮೊತ್ತ ತೆಗೆಯಲು ಒಂದು ನಿಮಿಷವೂ ಬೇಕಾಗಿರಲಿಲ್ಲ. ಕಳಿಸುವ ಮೊದಲೇ ಅದನ್ನು ಮಾಡಿದ್ದರೆ ಆ ಕೆಂಪು ಸಾಲುಗಳನ್ನು ನೋಡುವ ಸಂಕಟ ಫೋನಿನ ಒಡತಿಗೆ ತಪ್ಪುತ್ತಿತ್ತು. ಇದನ್ನು ಈ ಪ್ರಕರಣದಲ್ಲಿ ನನ್ನ ತಪ್ಪೆಂದು ಬರೆದಿಡುತ್ತೇನೆ.

ಶೇಕಡಾ 47

ಎರಡನೆಯ ಸಲ ಇಳಿಸಿಕೊಂಡ ಕಡತದ ಮೊತ್ತ ಕೊನೆಯ ಅಕ್ಷರದವರೆಗೂ ಹೊಂದಿತು. ಕೇಬಲ್ಲನ್ನು ಹಬ್ ಬಿಟ್ಟು ಕಂಪ್ಯೂಟರಿನ ಪೋರ್ಟಿಗೇ ನೇರ ಹಾಕಿ, ಕಂಪ್ಯೂಟರ್ ನಿದ್ರೆಗೆ ಜಾರದಂತೆ ಸೆಟ್ಟಿಂಗ್ ಬದಲಿಸಿ, ಮತ್ತೆ ಕಳಿಸಿದೆ.

ಕಂಪ್ಯೂಟರಿನ ಕಪ್ಪು ಕಿಟಕಿಯಲ್ಲಿ ಶೇಕಡಾ ಏರುತ್ತಾ ಹೋಗಿ 47ಕ್ಕೆ ಬಂದು ನಿಂತಿತು. ಒಂದು ನಿಮಿಷ, ಎರಡು ನಿಮಿಷ, ಐದು ನಿಮಿಷವಾದರೂ ಕದಲಲಿಲ್ಲ. ಎಂಜಿನಿಯರ್ ಕೇಬಲ್ಲಿನ ಕಡೆ ಕೈ ಚಾಚಿ, ತೆಗೆದು ಮತ್ತೆ ಹಾಕಲೇ ಎಂದು ಕೇಳಿದರು. ಬೇಡ ಎಂದು ಅವರ ಕೈಯನ್ನು ತಡೆದೆ. ಇಡೀ ಪ್ರಕರಣದ ಅತ್ಯಂತ ನಾಜೂಕಿನ ಕ್ಷಣ ಅದೇ, ಏಕೆಂದರೆ ಈ ಅಂಕಿಯಲ್ಲಿ ಕೇಬಲ್ ಕಿತ್ತವರು ಬಹಳ ಮಂದಿ ಇದ್ದಾರೆ.

47 ಎಂಬ ಅಂಕಿಗೆ ಕಾರಣವಿದೆ. ಫೋನ್ ಕಡತವನ್ನು ಒಮ್ಮೆ ಸಹಿಯ ಪರಿಶೀಲನೆಗೆ, ಇನ್ನೊಮ್ಮೆ ಸ್ಥಾಪನೆಗೆ ಓದುತ್ತದೆ, ಮೇಲೆ ಅಲ್ಲಲ್ಲಿ ಸ್ವಲ್ಪ ಮತ್ತೆ ಓದುತ್ತದೆ ಎಂದು ಎಡಿಬಿ ಮೊದಲೇ ಅಂದಾಜು ಮಾಡಿಕೊಂಡಿದೆ. ಕಡತದ ಗಾತ್ರದ ಸುಮಾರು 2.13 ಪಟ್ಟು ರವಾನೆಯಾದಾಗ ನೂರು ಎಂಬುದು ಅದರ ಲೆಕ್ಕ, ನೂರನ್ನು 2.13ರಿಂದ ಭಾಗಿಸಿದರೆ 47. ಅಂದರೆ ಕಡತ ಒಂದು ಸಲ ಪೂರ್ತಿ ತಲುಪಿದಾಗ ಕಂಪ್ಯೂಟರ್ ತೋರಿಸುವುದೇ 47ನ್ನು. ಆಮೇಲಿನ ಕೆಲಸ ಫೋನಿನೊಳಗೇ ನಡೆಯುವಾಗ ಕಂಪ್ಯೂಟರಿಗೆ ಎಣಿಸಲು ಏನೂ ಉಳಿದಿರುವುದಿಲ್ಲ. ನೋಡಬೇಕಾದದ್ದು ಫೋನಿನ ಪರದೆಯನ್ನು. ಅಲ್ಲಿ ಹಂತ ಎರಡರಲ್ಲಿ ಒಂದು ಎಂಬುದು ಹೋಗಿ ಹಂತ ಎರಡರಲ್ಲಿ ಎರಡು ಎಂಬುದು ಆಗಲೇ ಬಂದಿತ್ತು.

ಕೊನೆಗೆ ಕಂಪ್ಯೂಟರಿನಲ್ಲಿ ಒಟ್ಟು ರವಾನೆ 1.00 ಪಟ್ಟು ಎಂದೂ, ಫೋನಿನಲ್ಲಿ ಎಡಿಬಿಯಿಂದ ಸ್ಥಾಪನೆ ಮುಗಿಯಿತು, ಸ್ಥಿತಿ 0 ಎಂದೂ ಬಂತು. ಇಲ್ಲಿ ಸೊನ್ನೆ ಎಂದರೆ ದೋಷವಿಲ್ಲ ಎಂದರ್ಥ.

ಏನಾಯಿತು

ರೀಸ್ಟಾರ್ಟ್ ಕೊಟ್ಟ ಮೇಲೆ ಲೋಗೋ ಬಂದು ನಿಂತಿತು. ಹೊಸ ಸ್ಲಾಟಿನ ಮೊದಲ ಏಳುವಿಕೆ ನಿಧಾನವಾಗುತ್ತದೆ ಎಂದು ಮೊದಲೇ ಹೇಳಿಟ್ಟಿದ್ದರೂ ಆ ಹೊತ್ತು ಇಬ್ಬರಿಗೂ ದೀರ್ಘವಾಗಿತ್ತು. ಮೊದಲಿನ ಹಾಗೆ ಪರದೆ ಕಪ್ಪಾಗುತ್ತದೆಯೇ ಎಂದು ಇಬ್ಬರೂ ಕಾದೆವು. ಕಪ್ಪಾಗಲಿಲ್ಲ. ಪಿನ್ ಕೇಳುವ ಪರದೆ ಬಂತು.

ಪಿನ್ ಏನೆಂದು ನಾನು ಕೇಳಲಿಲ್ಲ. ಫೋನನ್ನು ಅವರ ಕೈಗೆ ಕೊಟ್ಟು ಬೇರೆ ಕಡೆ ತಿರುಗಿದೆ. ದುರಸ್ತಿಗೆ ಪಿನ್ ಬೇಕು ಎಂದು ಕೇಳುವ ಅಭ್ಯಾಸ ಈ ವೃತ್ತಿಯಲ್ಲಿ ಸಲೀಸಾಗಿ ಬೆಳೆದಿದೆ, ಆದರೆ ಈ ಕೆಲಸದ ಯಾವ ಹಂತದಲ್ಲೂ ಅದರ ಅಗತ್ಯವಿರಲಿಲ್ಲ. ಅವರು ಪಿನ್ ಹಾಕಿದರು, ಗ್ಯಾಲರಿ ತೆರೆದರು, ಹಿಂದಿನ ವಾರದ ಒಂದು ಚಿತ್ರ ತೋರಿಸಿದರು. ಕಂಬವೊಂದರ ಬುಡದಲ್ಲಿ ಒತ್ತಾಗಿ ಕಟ್ಟಿದ ರಿಂಗುಗಳು, ಅವುಗಳಿಗೆ ಆನಿಸಿ ಹಿಡಿದ ಅಳತೆಪಟ್ಟಿ, ಅದರ ಮೇಲಿನ ಅಂಕಿಗಳು ಎಲ್ಲವೂ ಸ್ಪಷ್ಟವಾಗಿದ್ದವು.

ಫೋನ್ ಎದ್ದ ಸಂತೋಷದಲ್ಲಿ ಆ್ಯಪ್‌ಗಳನ್ನು ಅಪ್‌ಡೇಟ್ ಮಾಡುವುದು, ಬಂದ ಸಂದೇಶಗಳಿಗೆ ಉತ್ತರಿಸುವುದು ಇವೆಲ್ಲ ಆಮೇಲೆ ಎಂದು ಮೊದಲೇ ಮಾತಾಗಿತ್ತು. ಅದೇ ಕೇಬಲ್ಲಿನಲ್ಲಿ, ಅದೇ ಕುರ್ಚಿಯಲ್ಲಿ ಕೂತು, ಕ್ಯಾಮೆರಾದ ಫೋಲ್ಡರನ್ನು ಪೂರ್ತಿಯಾಗಿ ಹೊರಗಿನ ಡಿಸ್ಕಿಗೆ ನಕಲು ಮಾಡಿದೆವು. ಕಡತಗಳ ಸಂಖ್ಯೆ ಮತ್ತು ಒಟ್ಟು ಗಾತ್ರ ಎರಡೂ ಕಡೆ ಒಂದೇ ಇದೆಯೇ ಎಂದು ತಾಳೆ ನೋಡಿದೆವು. ಅಲ್ಲೊಂದು ಇಲ್ಲೊಂದು ಚಿತ್ರವನ್ನು ಡಿಸ್ಕಿನಿಂದಲೇ ತೆರೆದೂ ನೋಡಿದೆವು. ನಕಲಾಗಿದೆ ಎಂದು ಕಂಪ್ಯೂಟರ್ ಹೇಳುವುದಕ್ಕೂ ಚಿತ್ರ ತೆರೆದುಕೊಳ್ಳುವುದಕ್ಕೂ ಕೆಲವೊಮ್ಮೆ ವ್ಯತ್ಯಾಸವಿರುತ್ತದೆ.

ಒತ್ತಿದ್ದರೆ ಏನಾಗುತ್ತಿತ್ತು

ಫೋನ್ ಕೆಲವು ದಿನ ತೊಂದರೆಯಿಲ್ಲದೆ ನಡೆಯಿತು. ಆದರೂ ಒಮ್ಮೆ ಹೀಗೆ ಬಿದ್ದ ಫೋನನ್ನು, ಎಲ್ಲ ಬ್ಯಾಕಪ್ ಆದ ಮೇಲೆ, ನಮ್ಮ ಅನುಕೂಲದ ದಿನ ನಾವಾಗಿಯೇ ಫ್ಯಾಕ್ಟರಿ ರೀಸೆಟ್ ಮಾಡಿ ಹೊಸದಾಗಿ ಆರಂಭಿಸುವುದು ಒಳ್ಳೆಯದೆಂದು ನಾನು ಸೂಚಿಸಿದೆ. ಅವರು ಒಪ್ಪಿದರು. ಅದಕ್ಕೆ ತಯಾರಿ ಮಾಡುವಾಗ, ನಾವಿಬ್ಬರೂ ಅದುವರೆಗೆ ಯೋಚಿಸದಿದ್ದ ಒಂದು ಸಂಗತಿ ಎದುರಾಯಿತು.

2015ರ ಆಂಡ್ರಾಯ್ಡ್ 5.1ರಿಂದ ಈಚೆಗೆ, ರಿಕವರಿಯಿಂದ ರೀಸೆಟ್ ಮಾಡಿದ ಫೋನ್ ಮೊದಲಿದ್ದ ಖಾತೆಯ ಒಡೆಯರು ನೀವೇ ಎಂದು ತೋರಿಸಿ ಎನ್ನುತ್ತದೆ. ಈ ಫೋನಿನಲ್ಲಿ ಹಳೆಯ ಪಿನ್ ಹಾಕಿಯೂ ಆ ತಡೆಯನ್ನು ದಾಟಬಹುದಿತ್ತು. ಆದರೆ ಅದರಾಚೆ ಖಾತೆಯೊಳಗೆ ಹೋಗಲು ಪಾಸ್‌ವರ್ಡ್ ಬೇಕು, ಪಾಸ್‌ವರ್ಡಿನ ನಂತರ ಎರಡನೆಯ ಹಂತದ ಕೋಡ್ ಬೇಕು. ಪಾಸ್‌ವರ್ಡ್ ಏನೆಂದು ಕೇಳಿದಾಗ, ಫೋನಿನಲ್ಲೇ ಉಳಿಸಿಟ್ಟಿದ್ದೇನೆ ಎಂದರು. ಕೋಡ್ ಎಲ್ಲಿಂದ ಬರುತ್ತದೆ ಎಂದು ಕೇಳಿದೆ. ಅದೇ ಫೋನಿನ ಅಥೆಂಟಿಕೇಟರ್ ಆ್ಯಪ್‌ನಿಂದ. ಖಾತೆಗೆ ಜೋಡಿಸಿದ್ದ ಮೊಬೈಲ್ ಸಂಖ್ಯೆ ಅವರು ಎಂದೋ ಬಿಟ್ಟುಬಿಟ್ಟಿದ್ದ ಹಳೆಯ ಸಂಖ್ಯೆ.

ಆ ಮಧ್ಯಾಹ್ನ ಎರಡನೆಯ ಆಯ್ಕೆಯನ್ನು ಒತ್ತಿದ್ದರೆ ಆರು ವಾರಗಳ ಫೋಟೋಗಳಷ್ಟೇ ಹೋಗುತ್ತಿರಲಿಲ್ಲ. ಕ್ಲೌಡಿನಲ್ಲಿ ಸುರಕ್ಷಿತವಾಗಿದ್ದ ಅದಕ್ಕೂ ಹಿಂದಿನ ಫೋಟೋಗಳಿಗೆ, ಸಂಪರ್ಕ ಸಂಖ್ಯೆಗಳಿಗೆ, ಅದೇ ಕೋಡುಗಳನ್ನು ಕೇಳುವ ಕಚೇರಿಯ ಖಾತೆಗಳಿಗೆ ಹೋಗುವ ದಾರಿಯೂ ಅಳಿಸಿಹೋಗುತ್ತಿತ್ತು. ಡೇಟಾ ಮತ್ತು ಅದರ ಕೀಲಿ ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿಟ್ಟಿದ್ದರು, ಮತ್ತು ಫೋನ್ ಕೇಳಿದ್ದು ಆ ಪೆಟ್ಟಿಗೆಯನ್ನೇ ಸುಡಲೇ ಎಂದು. ಬ್ಯಾಕಪ್ ಇದೆಯೇ ಎಂಬ ನನ್ನ ಮೊದಲ ದಿನದ ಪ್ರಶ್ನೆ ಅರ್ಧ ಪ್ರಶ್ನೆಯಾಗಿತ್ತು. ಈ ಫೋನ್ ಇಲ್ಲದೆ ಆ ಬ್ಯಾಕಪ್ಪನ್ನು ನೀವು ತೆರೆಯಬಲ್ಲಿರಾ ಎಂದೂ ಕೇಳಬೇಕಾಗಿತ್ತು. ಈಗ ಯಾರೇ ಫೋನ್ ತಂದರೂ ಎರಡನ್ನೂ ಕೇಳುತ್ತೇನೆ.

ರೀಸೆಟ್ಟನ್ನು ಎರಡು ದಿನ ಮುಂದಕ್ಕೆ ಹಾಕಿದೆವು. ಮೊದಲು ಖಾತೆಯಲ್ಲಿದ್ದ ಹಳೆಯ ಮೊಬೈಲ್ ಸಂಖ್ಯೆ ತೆಗೆದು ಈಗಿನದನ್ನು ಸೇರಿಸಿದರು. ಅಥೆಂಟಿಕೇಟರಿನಲ್ಲಿದ್ದ ಖಾತೆಗಳನ್ನು ಇನ್ನೊಂದು ಸಾಧನಕ್ಕೆ ವರ್ಗಾಯಿಸಿದರು. ಒಮ್ಮೆ ಮಾತ್ರ ಬಳಸಬಹುದಾದ ಬ್ಯಾಕಪ್ ಕೋಡುಗಳನ್ನು ಕಾಗದದ ಮೇಲೆ ಮುದ್ರಿಸಿಕೊಂಡರು. ಆಮೇಲೆ ಫೋನನ್ನು ಆಫ್ ಮಾಡಿ ಮೇಜಿನ ಡ್ರಾಯರಿನೊಳಗೆ ಇಟ್ಟು, ಬೇರೆ ಕಂಪ್ಯೂಟರಿನಲ್ಲಿ, ಆ ಕಾಗದದ ಮೊದಲ ಕೋಡ್ ಬಳಸಿ, ತಮ್ಮ ಖಾತೆಗೆ ಲಾಗಿನ್ ಆಗಲು ಪ್ರಯತ್ನಿಸಿದರು. ಖಾತೆ ತೆರೆಯಿತು. ಬಳಸಿದ ಕೋಡನ್ನು ಪೆನ್ನಿನಿಂದ ಗೀಟು ಹಾಕಿ ಹೊಡೆದು, ಕಾಗದವನ್ನು ಮಡಚಿ, ಕಟ್ಟಡದ ನಕ್ಷೆಗಳ ಫೈಲಿನೊಳಗೆ ಇಟ್ಟರು. ಆಮೇಲಷ್ಟೇ ಡ್ರಾಯರಿನಿಂದ ಫೋನ್ ತೆಗೆದು, ಆ ಎರಡನೆಯ ಆಯ್ಕೆಯನ್ನು ತಾವೇ ಒತ್ತಿದರು.